ಆದಾಯ ಏರಿತು, ಓಣಿಯವರು ಎಲ್ಲಿ ಹೋದರು?



ಅಮೆರಿಕಾದ ಶಿಕಾಗೋ ನಗರದಲ್ಲಿ ಪಿಲ್ಸೆನ್ ಎಂಬ ಹಳೆಯ ಬಡಾವಣೆಯೊಂದಿದೆ. ಊರ ನಡುವಿನ ಮುಗಿಲು ಮುಟ್ಟುವ ಕಟ್ಟಡಗಳಿಂದ ನಾಲ್ಕೈದು ಕಿಲೋಮೀಟರ್ ದೂರ. ಮೊದಲಿನಿಂದಲೂ ದುಡಿದು ತಿನ್ನುವವರ ಜಾಗ. ಇದರ ಬಗ್ಗೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಎರಡು ಮಾತು ಕೇಳಿಬರುತ್ತಿವೆ. ಅಲ್ಲಿನ ಮನೆಗಳ ಆದಾಯ ಏರಿದೆ, ಓಣಿ ಸುಧಾರಿಸಿದೆ ಎಂಬುದು ಒಂದು. ಅಲ್ಲಿ ಬಾಳಿದವರು ಒಂದೊಂದೇ ಮನೆಯಾಗಿ ಜಾಗ ಖಾಲಿ ಮಾಡುತ್ತಿದ್ದಾರೆ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ನನ್ನ ತಕರಾರು ಇಷ್ಟೇ: ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದಿ "ಬಡತನ ಕಡಿಮೆಯಾಯಿತು" ಎನ್ನುವುದು ಲೆಕ್ಕವಲ್ಲ, ಕಣ್ಕಟ್ಟು.

"ಅಷ್ಟು ದೂರದ ಓಣಿಯ ಗೊಡವೆ ನಮಗ್ಯಾಕ್ರೀ ಸರ್?" ಅಂತ ಕೆಲವರು ಕೇಳಬಹುದು. ಪಟಸಂಖ್ಯೆ ನೋಡಿ ಶಾಲೆ ಇಡಬೇಕೋ ತೆಗೆಯಬೇಕೋ ಎಂದು ತೀರ್ಮಾನವಾಗುವ ಜಾಗದಲ್ಲಿ ಇರುವವರು ನಾವು. ಅಂಕಿ ಏನು ಹೇಳುತ್ತದೆ, ಏನನ್ನು ನುಂಗಿಕೊಳ್ಳುತ್ತದೆ ಎಂಬುದನ್ನು ಬೇರೆಯವರ ಓಣಿಯಲ್ಲಿ ನೋಡಿ ಕಲಿತರೆ ನಷ್ಟವೇನೂ ಇಲ್ಲ.

ಮೊದಲು ಬಡಾವಣೆಯ ಪರಿಚಯ. ಪಿಲ್ಸೆನ್ ಎಂಬುದು ಅಮೆರಿಕಾದ ಹೆಸರಲ್ಲ. ಯುರೋಪಿನ ಬೊಹೆಮಿಯಾ ಪ್ರಾಂತದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ಇರುವ ಒಂದು ಪಟ್ಟಣದ ಹೆಸರು. 1871ರಲ್ಲಿ ಶಿಕಾಗೋದ ದೊಡ್ಡ ಭಾಗ ಬೆಂಕಿಗೆ ಆಹುತಿಯಾದ ಮೇಲೆ ಚೆಕ್ ಕೂಲಿಕಾರರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿ ಬಂದು ನೆಲೆಸಿದರು. ಕಟ್ಟಿಗೆ ಅಡ್ಡೆ, ಕಾರ್ಖಾನೆ, ರೈಲ್ವೆ, ಎಲ್ಲ ಹತ್ತಿರದಲ್ಲೇ ಇದ್ದವು. ಅವರ ಹಿಂದೆ ಪೋಲೆಂಡಿನವರು, ಲಿಥುವೇನಿಯಾದವರು ಹೀಗೆ ಬೇರೆ ಬೇರೆ ದೇಶದ ಬಡವರು ಬಂದರು. ಬೊಹೆಮಿಯಾದಲ್ಲಿ ಹುಟ್ಟಿ ಕೂಸಾಗಿದ್ದಾಗ ಅಮೆರಿಕಾಕ್ಕೆ ಬಂದ ಆಂಟನ್ ಸರ್ಮ್ಯಾಕ್ ಎಂಬವರು 1931ರಲ್ಲಿ ಶಿಕಾಗೋದ ಮೇಯರ್ ಆದರು. ಬಡಾವಣೆಯ ಒಂದು ದೊಡ್ಡ ರಸ್ತೆಗೆ ಇವತ್ತಿಗೂ ಅವರ ಹೆಸರಿದೆ. ಹೆಸರಿದೆ ಅಷ್ಟೇ, ಆ ರಸ್ತೆಯಲ್ಲಿ ಚೆಕ್ ಭಾಷೆ ಕಿವಿಗೆ ಬೀಳುವುದು ಅಪರೂಪ.

ಚೆಕ್ ಜನ ಯಾಕೆ ಹೋದರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅವರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಮಕ್ಕಳು ಓದಿದರು. ಪಶ್ಚಿಮಕ್ಕೆ ಸಿಸೆರೋ, ಬರ್ವಿನ್ ಎಂಬ ಹೊರವಲಯದ ಊರುಗಳಲ್ಲಿ ಅಂಗಳವಿರುವ ಮನೆ ಕಟ್ಟಿಸಿಕೊಂಡು ಹೋದರು. ಹಳೆಯ ಮನೆ ಸಾಕಾಯಿತು ಅಂತ ಹೋದರೇ ಹೊರತು ಅದರ ಬಾಡಿಗೆ ಕಟ್ಟಲಾರದೆ ಹೋಗಲಿಲ್ಲ.

ಅವರು ಬಿಟ್ಟ ಮನೆಗಳಿಗೆ ಬಂದವರು ಮೆಕ್ಸಿಕೋದವರು. ಇವರೂ ಹೊಸಬರೇನಲ್ಲ. ಪಕ್ಕದ ಬಡಾವಣೆಗಳಲ್ಲಿ ದಶಕಗಳಿಂದ ಇದ್ದವರು. 1960ರ ದಶಕದ ಮೊದಲಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆ ಅಂತ ಸರಕಾರ ಅಲ್ಲಿನ ಓಣಿಗಳನ್ನು ಕೆಡವಿತು. 1965ರಲ್ಲಿ ಕ್ಯಾಂಪಸ್ ತೆರೆಯಿತು, ಮನೆ ಕಳೆದುಕೊಂಡವರಲ್ಲಿ ಅನೇಕರು ದಕ್ಷಿಣಕ್ಕೆ ಸರಿದು ಪಿಲ್ಸೆನ್ನಿಗೆ ಬಂದರು. ಒಮ್ಮೆ ಎದ್ದು ಬಂದ ಜನ ಇವರು, ಇದು ನೆನಪಿರಲಿ. 1970ರ ಹೊತ್ತಿಗೆ ಬಡಾವಣೆಯಲ್ಲಿ ಸ್ಪ್ಯಾನಿಷ್ ಮಾತಿನ ಮೂಲದವರೇ ಅರ್ಧಕ್ಕಿಂತ ಹೆಚ್ಚಾದರು. 18ನೇ ರಸ್ತೆಯ ಉದ್ದಕ್ಕೂ ಅವರ ಬೇಕರಿ, ಖಾನಾವಳಿ, ಕಿರಾಣಿ ಅಂಗಡಿ, ಗೋಡೆ ತುಂಬ ಚಿತ್ರ. 2000ದಲ್ಲಿ ನೂರಕ್ಕೆ 89 ಜನ ಅವರೇ.

ಈಗ ಅಂಕಿಗೆ ಬರೋಣ. ಶಿಕಾಗೋದವರ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾದದ್ದು. 1920ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಇಡೀ ನಗರವನ್ನು ಗಡಿ ಬದಲಾಗದ ವಿಭಾಗಗಳಾಗಿ ಹಂಚಿದರು. ಈಗ ಅವು 77 ಇವೆ. ವಾರ್ಡಿನ ಗಡಿ ಜನಗಣತಿಗೊಮ್ಮೆ ಹಿಗ್ಗುತ್ತದೆ, ಕುಗ್ಗುತ್ತದೆ, ಇವು ಹಾಗಲ್ಲ. ಆದ್ದರಿಂದ ನೂರು ವರ್ಷದ ಹಿಂದಿನ ಲೆಕ್ಕವನ್ನೂ ಇಂದಿನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಪಿಲ್ಸೆನ್ ಇರುವ ವಿಭಾಗದ ಹೆಸರು ಲೋವರ್ ವೆಸ್ಟ್ ಸೈಡ್. 1920ರಲ್ಲಿ ಅಲ್ಲಿ 85,680 ಜನ ಇದ್ದರು. 2000ದಲ್ಲಿ 44,031. 2010ರಲ್ಲಿ 35,769. 2020ರಲ್ಲಿ 33,751. ಇಪ್ಪತ್ತೇ ವರ್ಷದಲ್ಲಿ ಹತ್ತು ಸಾವಿರದ ಮೇಲೆ, ಅಂದರೆ ನೂರಕ್ಕೆ 23 ಜನ ಕಡಿಮೆ. ಇಡೀ ಶಿಕಾಗೋ ಬರಿದಾಗುತ್ತಿತ್ತು, ಅದರ ಜೊತೆ ಇದೂ ಅಂತ ಹೇಳುವಂತಿಲ್ಲ. 2010ರಿಂದ 2020ರ ನಡುವೆ ನಗರದ ಜನಸಂಖ್ಯೆ 50 ಸಾವಿರದಷ್ಟು ಏರಿದೆ.

ಹೋದವರು ಯಾರು? 2016ರಲ್ಲಿ ಅದೇ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಸಂಶೋಧಕರು ಒಂದು ವರದಿ ತಂದರು. 2000ದಿಂದ ಈಚೆಗೆ ಪಿಲ್ಸೆನ್ನಿನಲ್ಲಿ ಸ್ಪ್ಯಾನಿಷ್ ಮೂಲದವರು ಹತ್ತು ಸಾವಿರಕ್ಕೂ ಹೆಚ್ಚು ಕಡಿಮೆಯಾಗಿದ್ದಾರೆ, ಬಿಳಿಯರು ಹೆಚ್ಚಾಗಿದ್ದಾರೆ ಎಂದಿತು ಆ ವರದಿ. ಮೊದಲ ಸಲ ಈ ಜನರನ್ನು ಎಬ್ಬಿಸಿದ ಕ್ಯಾಂಪಸ್ಸಿನಿಂದಲೇ ಎರಡನೇ ಸಲ ಹೋದವರ ಲೆಕ್ಕ ಬಂತು ನೋಡಿ.

ಇದೇ ಅವಧಿಯಲ್ಲಿ ಬಡಾವಣೆಯ ಆದಾಯ ಏರಿತು. ಇಲ್ಲಿ ಸ್ವಲ್ಪ ಕರಿಹಲಗೆಯ ಮುಂದೆ ನಿಲ್ಲಬೇಕಾಗುತ್ತದೆ, ಬೇಜಾರಾಗಬೇಡಿ.

ಅಮೆರಿಕಾದವರು ಬಡಾವಣೆಯ ಆದಾಯವನ್ನು ಸಾಮಾನ್ಯವಾಗಿ ಸರಾಸರಿಯಲ್ಲಿ ಹೇಳುವುದಿಲ್ಲ, ಮಧ್ಯಾಂಕದಲ್ಲಿ ಹೇಳುತ್ತಾರೆ. ನಮ್ಮ ಗಣಿತ ಪುಸ್ತಕದಲ್ಲಿರುವ ಅದೇ ಮಧ್ಯಾಂಕ. ಎಲ್ಲ ಮನೆಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನ ಮನೆಯ ಆದಾಯ ಎಷ್ಟು ಅಂತ ನೋಡುವುದು. ಒಬ್ಬ ಕೋಟ್ಯಧೀಶ ಬಂದು ಕೂತರೆ ಸರಾಸರಿ ಕೆಟ್ಟುಹೋಗುತ್ತದೆ, ಮಧ್ಯಾಂಕ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಹಾಗಾಗಿ ಇದು ಪ್ರಾಮಾಣಿಕ ಅಳತೆ ಅಂತ ನಾವು ಕಲಿಸುತ್ತೇವೆ. ಕಲಿಸಬೇಕಾದದ್ದೇ. ಆದರೆ ಇದಕ್ಕೂ ಒಂದು ಮೋಸದ ಬಾಗಿಲಿದೆ.

ಲೆಕ್ಕಕ್ಕಾಗಿ ಒಂಬತ್ತು ಮನೆಯ ಒಂದು ಓಣಿ ಹಿಡಿಯಿರಿ. ವರ್ಷದ ಆದಾಯ, ಸಾವಿರ ಡಾಲರಿನಲ್ಲಿ, ಹೀಗಿದೆ ಎನ್ನೋಣ: 16, 18, 20, 24, 26, 30, 34, 38, 50. ನಡುವಿನ ಮನೆ ಐದನೆಯದು. ಮಧ್ಯಾಂಕ 26. ಈಗ ಬಾಡಿಗೆ ಏರಿತು. ಮೊದಲಿನ ಮೂರು ಮನೆಯವರು, ಅಂದರೆ 16, 18, 20ರವರು, ಗಂಟುಮೂಟೆ ಕಟ್ಟಿದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಉಳಿದ ಆರು ಮನೆಯಲ್ಲಿ ಯಾರಿಗೂ ಒಂದು ಪೈಸೆ ಪಗಾರ ಹೆಚ್ಚಾಗಿಲ್ಲ. ಆದರೂ ಮಧ್ಯಾಂಕ 26ರಿಂದ 32ಕ್ಕೆ ಏರಿತು! ಬಡವರು ಎದ್ದುಹೋದರು ಎಂಬುದೊಂದೇ ಕಾರಣಕ್ಕೆ ಓಣಿ "ಸುಧಾರಿಸಿತು". ಇನ್ನು ಖಾಲಿಯಾದ ಮನೆಗಳಿಗೆ 90, 100, 120ರ ಮೂವರು ಬಂದರು ಅಂದುಕೊಳ್ಳಿ. ಮಧ್ಯಾಂಕ 38. ಒಂದೂವರೆ ಪಟ್ಟಿನ ಹತ್ತಿರ. ಪತ್ರಿಕೆಯಲ್ಲಿ ತಲೆಬರಹ ಬರುತ್ತದೆ, ಬಡಾವಣೆಯ ಆದಾಯ ನೂರಕ್ಕೆ 46ರಷ್ಟು ಏರಿತು ಅಂತ. ಹಳೆಯ ಆರು ಮನೆಯವರು ಆ ಪತ್ರಿಕೆ ಓದಿ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಇನ್ನೊಂದು ವಿಷಯ. ಹೋದ ಮೂರು ಮನೆಗಳಲ್ಲಿ ತಲಾ ಐದು ಜನ ಇದ್ದರು, ಅದರಲ್ಲಿ ತಲಾ ಮೂರು ಮಕ್ಕಳು ಎನ್ನಿ. ಬಂದ ಮೂರು ಮನೆಗಳಲ್ಲಿ ತಲಾ ಇಬ್ಬರು, ಇಬ್ಬರೂ ಆಫೀಸಿಗೆ ಹೋಗುವವರು. ಮನೆ ಅಷ್ಟೇ ಇವೆ, ಹದಿನೈದು ಜನರ ಜಾಗದಲ್ಲಿ ಆರು ಜನ ಆದರು, ಒಂಬತ್ತು ಮಕ್ಕಳ ಜಾಗದಲ್ಲಿ ಒಂದೂ ಇಲ್ಲ. ಆದಾಯ ಏರುವುದು, ಜನ ಇಳಿಯುವುದು, ಶಾಲೆ ಬರಿದಾಗುವುದು, ಮೂರೂ ಒಂದೇ ದಿನ ಒಂದೇ ಬಾಗಿಲಲ್ಲಿ ನಡೆದುಹೋಗುತ್ತವೆ.

ಇದಕ್ಕೆ ಉತ್ತರವಾಗಿ ಬಲ್ಲವರು ಹೇಳುವ ಒಂದು ಮಾತಿದೆ. ಅದನ್ನು ಬಚ್ಚಿಡುವುದು ಸರಿಯಲ್ಲ. ನ್ಯೂಯಾರ್ಕ್ ನಗರದ ಬಗ್ಗೆ ಲ್ಯಾನ್ಸ್ ಫ್ರೀಮನ್ ಎಂಬ ಪ್ರಾಧ್ಯಾಪಕರು ತಮ್ಮ ಜೊತೆಗಾರರೊಬ್ಬರ ಸಂಗಡ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಲೆ ಏರುತ್ತಿರುವ ಬಡಾವಣೆಗಳಿಂದ ಬಡವರು ಎದ್ದುಹೋಗುವ ಪ್ರಮಾಣ ಬೇರೆ ಕಡೆಗಿಂತ ಹೆಚ್ಚೇನೂ ಇಲ್ಲ ಎಂದು ಅವರು ಕಂಡರು. ಕೇಳಿದರೆ ವಿಚಿತ್ರ ಅನಿಸುತ್ತದೆ. ಆದರೆ ಬಾಡಿಗೆ ಮನೆಯ ಬಡವ ಎಲ್ಲಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವನೇ. ಕೆಲಸ ಹೋಯಿತು, ಮನೆಯವರಲ್ಲಿ ಜಗಳವಾಯಿತು, ಮಾಲಕ ಬಿಡಿಸಿದ. ವ್ಯತ್ಯಾಸ ಇರುವುದು ಹೋಗುವವನಲ್ಲಿ ಅಲ್ಲ, ಬರುವವನಲ್ಲಿ. ಮೊದಲಾದರೆ ಒಬ್ಬ ಬಡವ ಬಿಟ್ಟ ಮನೆಗೆ ಇನ್ನೊಬ್ಬ ಬಡವ ಬರುತ್ತಿದ್ದ. ಈಗ ಬರುವುದಕ್ಕೆ ಆಗುವುದಿಲ್ಲ. ಈ ಅಧ್ಯಯನವನ್ನು "ಯಾರನ್ನೂ ಯಾರೂ ಓಡಿಸಿಲ್ಲ" ಅಂತ ಸಮಾಧಾನ ಹೇಳಲು ಬಳಸುವವರಿದ್ದಾರೆ. ನನಗೆ ಅದು ಸಮಾಧಾನ ಅನಿಸುವುದಿಲ್ಲ. ಮೆಕ್ಸಿಕೋದಿಂದ ಹೊಸದಾಗಿ ಬಂದ ಒಂದು ಕುಟುಂಬಕ್ಕೆ ತಮ್ಮ ಭಾಷೆ ಗೊತ್ತಿರುವ ವೈದ್ಯ, ಅಂಗಡಿ, ಶಾಲೆ ಇರುವ ಓಣಿಯಲ್ಲಿ ಮೊದಲ ಮನೆ ಸಿಗುತ್ತಿತ್ತು, ಇನ್ನು ಸಿಗುವುದಿಲ್ಲ ಎಂದರೆ, ಮುಚ್ಚಿದ್ದು ಬಾಗಿಲೇ ಅಲ್ಲವೇ?

ಇನ್ನು ಕೆಲವರು ಒಳ್ಳೆಯ ಬೆಲೆಗೆ ಮನೆ ಮಾರಿಕೊಂಡು ಚೆಕ್ಕರ ಹಾಗೆಯೇ ಸಿಸೆರೋ, ಬರ್ವಿನ್‌ಗೆ ಹೋದರು. ಅವರಿಗೆ ಲಾಭವೇ ಆಯಿತು, ಅದನ್ನೂ ಒಪ್ಪಬೇಕು. ಆದರೆ ಮಾರಲು ಸ್ವಂತ ಮನೆ ಇರಬೇಕಲ್ಲ. ಬಾಡಿಗೆಯವನಿಗೆ ಬೆಲೆ ಏರಿದರೆ ಸಿಗುವುದು ನೋಟೀಸು ಮಾತ್ರ.

ಸ್ವಂತ ಮನೆ ಇದ್ದವರ ಕಥೆಯೂ ಅಷ್ಟು ಸರಳವಲ್ಲ. ಶಿಕಾಗೋದಲ್ಲಿ ಇಟ್ಟಂಗಿಯ ಎರಡು ಅಂತಸ್ತಿನ ಮನೆಗಳು ಬಹಳ. ಟೂ-ಫ್ಲ್ಯಾಟ್ ಅನ್ನುತ್ತಾರೆ. ಒಂದು ಅಂತಸ್ತಿನಲ್ಲಿ ಮಾಲಕ, ಇನ್ನೊಂದರಲ್ಲಿ ಬಾಡಿಗೆಯವರು. ಬಾಡಿಗೆ ರೊಕ್ಕದಿಂದ ಸಾಲದ ಕಂತು ಕಟ್ಟುವುದು. ಬಂದ ಬಡವ ಹತ್ತಿಪ್ಪತ್ತು ವರ್ಷದಲ್ಲಿ ಮನೆಯೊಡೆಯ ಆಗುತ್ತಿದ್ದದ್ದು ಹೀಗೆ. ಚೆಕ್ಕರೂ ಹೀಗೇ ಆದರು, ಮೆಕ್ಸಿಕೋದವರೂ ಹೀಗೇ ಆದರು. ಅನುಕೂಲಸ್ಥರು ಬಂದಾಗ ಏನಾಯಿತೆಂದರೆ, ಇಂಥ ಮನೆ ಕೊಂಡು ನಡುವಿನ ಗೋಡೆ ಒಡೆಸಿ ಎರಡು ಮನೆಯನ್ನು ಒಂದೇ ದೊಡ್ಡ ಮನೆ ಮಾಡಿಕೊಂಡರು. ಹೊರಗಿನಿಂದ ನೋಡಿದರೆ ಇಟ್ಟಂಗಿ ಅದೇ, ಕಿಟಕಿ ಅದೇ. ಒಳಗೆ ಒಂದು ಸಂಸಾರ ಮಾಯ. ಕಟ್ಟಡ ಕಡಿಮೆಯಾಗದೆ ಜನ ಹೇಗೆ ಕಡಿಮೆಯಾದರು ಎಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಇದನ್ನು ತಡೆಯಲು ನಗರಸಭೆ 2021ರಲ್ಲಿ ಪಿಲ್ಸೆನ್ನಿಗೂ ಅಂಥ ಇನ್ನೊಂದು ಪ್ರದೇಶಕ್ಕೂ ಅನ್ವಯಿಸುವ ನಿಯಮ ತಂದಿತು. ಮನೆ ಕೆಡವುವವರು 15,000 ಡಾಲರ್ ದಂಡದಂಥ ಶುಲ್ಕ ಕಟ್ಟಬೇಕೆಂದೂ ಅದೇ ವರ್ಷ ಮಾಡಿತು. ತಡವಾಗಿ ಬಂದ ಮಳೆಯೂ ಮಳೆಯೇ, ಇರಲಿ.

ಆಮೇಲೆ ತೆರಿಗೆ. ಅಲ್ಲಿ ಮನೆಯ ತೆರಿಗೆ ಮಾರುಕಟ್ಟೆ ಬೆಲೆಯ ಮೇಲೆ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಮೂರು ವರ್ಷಕ್ಕೊಮ್ಮೆ ಬೆಲೆ ಕಟ್ಟುತ್ತಾರೆ. 2021ರಲ್ಲಿ ಕಟ್ಟಿದ ಬೆಲೆಯ ಬಿಲ್ಲು 2022ರ ಕೊನೆಗೆ ಮನೆಗಳಿಗೆ ಬಂತು. ಪಿಲ್ಸೆನ್ನಿನ ವಿಭಾಗದಲ್ಲಿ ನಡುವಿನ ಮನೆಯ ತೆರಿಗೆ ಒಂದೇ ಸಲಕ್ಕೆ ನೂರಕ್ಕೆ 46 ಏರಿತ್ತು. (ಮೇಲಿನ ನನ್ನ ಉದಾಹರಣೆಯಲ್ಲೂ 46 ಬಂದದ್ದು ಬರೀ ಕಾಕತಾಳೀಯ.) ನಿವೃತ್ತನಾಗಿ ಪಿಂಚಣಿಯಲ್ಲಿ ಬದುಕುವ ಮುದುಕನ ಕೈಗೆ ಬೆಲೆ ಏರಿದ ರೊಕ್ಕ ಬಂದಿಲ್ಲ. ಬರುವುದು ಮನೆ ಮಾರಿದ ದಿನ. ತೆರಿಗೆಯನ್ನು ಮಾತ್ರ ಮಾರುವ ಮೊದಲೇ, ವರ್ಷ ವರ್ಷ ಕಟ್ಟಬೇಕು. ಬಾಡಿಗೆಯವರಿದ್ದರೆ ಅವರ ಮೇಲೆ ಹಾಕಬೇಕು. ಹೀಗೆ ಒಳ್ಳೆಯ ಮಾಲಕನೂ ಕೆಟ್ಟವನಾಗುತ್ತಾನೆ.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಚುಚ್ಚಿದ್ದು ಹೊಗೆಯ ಸಂಗತಿ. 1903ರಿಂದ ಈ ಬಡಾವಣೆಯಲ್ಲಿ ಫಿಸ್ಕ್ ಎಂಬ ವಿದ್ಯುತ್ ಸ್ಥಾವರ ಇತ್ತು. ಕಲ್ಲಿದ್ದಲಿನದು. ಅದರ ಬೂದಿ ಹೊಗೆಯಲ್ಲಿ ಮೂರು ನಾಲ್ಕು ತಲೆಮಾರಿನ ಮಕ್ಕಳು ಬೆಳೆದರು. ಓಣಿಯ ಜನ ವರ್ಷಗಟ್ಟಲೆ ಹೋರಾಡಿದರು, 2012ರಲ್ಲಿ ಸ್ಥಾವರ ಮುಚ್ಚಿತು. ಗೆದ್ದರು. ಆದರೆ ಅಷ್ಟರಲ್ಲಿ ಬಾಡಿಗೆ ಏರುವುದು ಸುರುವಾಗಿ ಹತ್ತು ವರ್ಷ ದಾಟಿತ್ತು. ಹೊಗೆ ಕುಡಿದವರಲ್ಲಿ ಸಾವಿರಾರು ಜನ ಒಳ್ಳೆಯ ಗಾಳಿ ಬರುವ ಹೊತ್ತಿಗೆ ಅಲ್ಲಿರಲೇ ಇಲ್ಲ.

ಶಾಲೆಯ ವಿಷಯಕ್ಕೆ ಬಂದರೆ ನನ್ನ ಪೆನ್ನು ಸ್ವಲ್ಪ ಉದ್ದ ಓಡುತ್ತದೆ, ಓದುಗರು ಸಹಿಸಿಕೊಳ್ಳಬೇಕು. 1970ರ ದಶಕದ ಮೊದಲಲ್ಲಿ ಪಿಲ್ಸೆನ್ನಿಗೆ ಸ್ವಂತ ಹೈಸ್ಕೂಲು ಇರಲಿಲ್ಲ. ಮಕ್ಕಳು ದೂರದ ಹೈಸ್ಕೂಲಿಗೆ ಹೋಗಬೇಕು, ಅಲ್ಲಿ ಅವರ ಮಾತು ಯಾರಿಗೂ ಬಾರದು, ಮಧ್ಯದಲ್ಲೇ ಬಿಡುವವರೇ ಹೆಚ್ಚು. 1973ರಲ್ಲಿ ಆ ಹೈಸ್ಕೂಲಿನ ಫ್ರೋಬೆಲ್ ಎಂಬ ಶಾಖೆಯಲ್ಲಿ ತಾಯಂದಿರು, ಮಕ್ಕಳು ಪ್ರತಿಭಟನೆಗೆ ಇಳಿದರು, ಪೊಲೀಸರು ಬಂದರು. ಶಿಶುವಿಹಾರ ಕಂಡುಹಿಡಿದ ಫ್ರೋಬೆಲ್ ಅವರ ಹೆಸರಿನ ಕಟ್ಟಡದಲ್ಲಿ! ಕೊನೆಗೆ 1977ರಲ್ಲಿ ಬೆನಿಟೋ ಹ್ವಾರೆಸ್ ಹೈಸ್ಕೂಲು ತೆರೆಯಿತು. ಮೆಕ್ಸಿಕೋದ ಮೂಲನಿವಾಸಿ ಕುಲದಲ್ಲಿ ಹುಟ್ಟಿ ಆ ದೇಶದ ಅಧ್ಯಕ್ಷನಾದ ಹ್ವಾರೆಸ್ ಹೆಸರು ಇಟ್ಟಿದ್ದೂ ಹಟ ಹಿಡಿದೇ. 1973ರಲ್ಲೇ ಇಲಿನಾಯ್ ರಾಜ್ಯ ಒಂದು ಕಾನೂನು ಮಾಡಿತು. ಇಂಗ್ಲಿಷ್ ಸಾಕಷ್ಟು ಬಾರದ, ಒಂದೇ ಮನೆಮಾತಿನ 20 ಅಥವಾ ಹೆಚ್ಚು ಮಕ್ಕಳು ಒಂದು ಶಾಲೆಯಲ್ಲಿದ್ದರೆ ಅವರ ಭಾಷೆಯಲ್ಲೂ ಕಲಿಸುವ ವ್ಯವಸ್ಥೆ ಮಾಡಲೇಬೇಕು. 20! ಈ ಅಂಕಿ ಓದಿ ಜತ್ತ, ಅಕ್ಕಲಕೋಟೆ ಕಡೆಯ ಗುರುಗಳು ಒಮ್ಮೆ ನಕ್ಕಿರಬಹುದು. "20ಕ್ಕಿಂತ ಕಡಿಮೆ ಪಟದ ಶಾಲೆ" ಎಂಬ ಮಾತು ನಮ್ಮ ಮಹಾರಾಷ್ಟ್ರದ ಸಭೆಗಳಲ್ಲಿ ಕೇಳದ ಕಿವಿ ಇಲ್ಲ. ನಮ್ಮ ಸಂವಿಧಾನದಲ್ಲಿ 350ಎ ಕಲಮು ಇದೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯ ಅನುಕೂಲ ಮಾಡಬೇಕು ಅಂತ. ಅಲ್ಲೂ ಇಲ್ಲೂ ಹಕ್ಕು ಇರುವುದು ಕಾಗದದಲ್ಲಿ, ಅದನ್ನು ಹೊತ್ತು ನಿಲ್ಲಿಸುವುದು ಬೆಂಚಿನ ಮೇಲೆ ಕೂತ ಮಕ್ಕಳ ಸಂಖ್ಯೆ. ಆ ಮಕ್ಕಳ ಅಪ್ಪ ಅಮ್ಮನಿಗೆ ಓಣಿಯಲ್ಲಿ ಮನೆ ಸಿಗದಿದ್ದರೆ ಯಾವ ಕಾನೂನನ್ನೂ ಯಾರೂ ಮುರಿಯದೆ ಆ ಹಕ್ಕು ಇಲ್ಲದಂತಾಗುತ್ತದೆ.

ವಿಟಿಯರ್ ಎಂಬ ಪ್ರಾಥಮಿಕ ಶಾಲೆ ಇದೇ ಪಿಲ್ಸೆನ್ನಿನಲ್ಲಿದೆ. ಆ ಶಾಲೆಗೆ ಗ್ರಂಥಾಲಯ ಇರಲಿಲ್ಲ. ಆವರಣದಲ್ಲಿ ಒಂದು ಹಳೆಯ ಸಣ್ಣ ಕಟ್ಟಡ ಇತ್ತು, ಜನ ಅದನ್ನು ಪ್ರೀತಿಯಿಂದ ಲಾ ಕಸೀತಾ, ಅಂದರೆ ಪುಟ್ಟ ಮನೆ, ಅನ್ನುತ್ತಿದ್ದರು. ಶಾಲಾ ಆಡಳಿತದವರು ಅದು ಶಿಥಿಲವಾಗಿದೆ, ಕೆಡವುತ್ತೇವೆ ಅಂದರು. ತಾಯಂದಿರು ರಿಪೇರಿ ಮಾಡಿಸಿ ಗ್ರಂಥಾಲಯ ಮಾಡಿಕೊಡಿ ಅಂದರು. 2010ರ ಸಪ್ಟೆಂಬರಿನಲ್ಲಿ ಆ ತಾಯಂದಿರು ಕಟ್ಟಡದೊಳಗೆ ಹೋಗಿ ಕೂತರು. 43 ದಿನ. ಅಡುಗೆ ಅಲ್ಲೇ, ನಿದ್ದೆ ಅಲ್ಲೇ. ಜನ ತಂದು ಕೊಟ್ಟ ಪುಸ್ತಕಗಳಿಂದ ಅದನ್ನೇ ಗ್ರಂಥಾಲಯ ಮಾಡಿದರು. ಆಗ ಕೆಡವುವುದು ನಿಂತಿತು. 2013ರ ಆಗಸ್ಟಿನಲ್ಲಿ ಸುರಕ್ಷತೆಯ ಕಾರಣ ಕೊಟ್ಟು ಕೆಡವಿಯೇಬಿಟ್ಟರು. ಆ ವರ್ಷವೇ ಶಿಕಾಗೋದಲ್ಲಿ ಸುಮಾರು 50 ಸರಕಾರಿ ಶಾಲೆಗಳನ್ನು ಮುಚ್ಚಿದರು, ಬಹುಪಾಲು ಕಪ್ಪು ಜನರ ಬಡಾವಣೆಗಳಲ್ಲಿ. ಅಳತೆ ಏನು ಗೊತ್ತೇ? ತರಗತಿ ಕೋಣೆಗೆ 30 ಮಕ್ಕಳು ಎಂದು ಹಿಡಿದು, ಶಾಲೆಯಲ್ಲಿ ಅದರ ನೂರಕ್ಕೆ 80ಕ್ಕಿಂತ ಕಡಿಮೆ ಇದ್ದರೆ "ಪೂರ್ತಿ ಬಳಕೆಯಾಗದ ಶಾಲೆ". ಮಕ್ಕಳು ಎಲ್ಲಿ ಹೋದರು ಎಂಬುದಕ್ಕೆ ಆ ಸೂತ್ರದಲ್ಲಿ ಮನೆ ಇರಲಿಲ್ಲ.

ಪಿಲ್ಸೆನ್ನಿನವರು ಸುಮ್ಮನೆ ಕೂತವರಲ್ಲ ಅಂತ ಇದರಿಂದಲೇ ತಿಳಿಯುತ್ತದೆ. 1982ರಲ್ಲಿ ಕಾರ್ಲೋಸ್ ಟೋರ್ಟೊಲೆರೊ ಎಂಬ ಶಾಲಾ ಮಾಸ್ತರರು ಬೇರೆ ಕೆಲವು ಶಿಕ್ಷಕರ ಜೊತೆ ಸೇರಿ 900 ಡಾಲರ್ ಬಂಡವಾಳದಲ್ಲಿ ಒಂದು ವಸ್ತುಸಂಗ್ರಹಾಲಯಕ್ಕೆ ಕೈಹಾಕಿದರು. 1987ರಲ್ಲಿ ಬಡಾವಣೆಯ ಉದ್ಯಾನದ ಒಂದು ಹಳೆಯ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಇಂದು ಅದು ಮೆಕ್ಸಿಕನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಪ್ರವೇಶ ಉಚಿತ. ಮಾಸ್ತರರು ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ. ಆದರೆ ಸಂಗ್ರಹಾಲಯ ನೋಡಲು ಬರುವವರಿಗೆ ಬಡಾವಣೆ ಚಂದ ಕಂಡು, ಚಂದ ಕಂಡಲ್ಲಿ ಮನೆ ಬೇಕೆನಿಸುವುದೂ ಇದೆ. ಓಣಿಯವರು ಕಟ್ಟಿದ ಅಂದವೇ ಓಣಿಯವರಿಗೆ ದುಬಾರಿಯಾಗುವ ಈ ಇಕ್ಕಟ್ಟಿಗೆ ಯಾರ ಹತ್ತಿರವೂ ಸುಲಭದ ಮದ್ದಿಲ್ಲ.

ಗೋಡೆಚಿತ್ರದ ಕಥೆಯೂ ಇದೇ. ಕಾಸಾ ಅಸ್ತ್ಲಾನ್ ಎಂಬ ಸಮುದಾಯ ಭವನ ಇತ್ತು. ಹಿಂದೆ ಚೆಕ್ಕರಿಗೆ ಇಂಗ್ಲಿಷ್ ಕಲಿಸಿದ ಕಟ್ಟಡವೇ 1970ರಿಂದ ಮೆಕ್ಸಿಕೋದವರ ಭವನವಾಗಿತ್ತು. ಅದು 2013ರಲ್ಲಿ ಮುಚ್ಚಿತು, ಕಟ್ಟಡ ಬಿಲ್ಡರನ ಕೈಗೆ ಹೋಯಿತು. 2017ರಲ್ಲಿ ಗೋಡೆಯ ಮೇಲಿದ್ದ ಹಳೆಯ ಚಿತ್ರಕ್ಕೆ ಬಣ್ಣ ಬಳಿದರು. ಜನ ಕೂಗೆಬ್ಬಿಸಿದಾಗ ಬಿಲ್ಡರ್ ತಗ್ಗಿ, ಮೊದಲಿನ ಚಿತ್ರಕಾರ ರೇ ಪಟ್ಲಾನ್ ಅವರನ್ನೇ ಕರೆಸಿ ಹೊಸ ಚಿತ್ರ ಬರೆಸಿದ. ಗೋಡೆಯ ಮೇಲೆ ಚಿತ್ರ ಮರಳಿತು. ಒಳಗೆ ಅಪಾರ್ಟ್‌ಮೆಂಟು.

ನಗರಸಭೆಯವರು ಇದರಿಂದ ಪಾಠ ಕಲಿತೆವು ಎಂಬಂತೆ ಪಿಲ್ಸೆನ್ನಿನ ಹಳೆಯ ಕಟ್ಟಡಗಳನ್ನೂ ಗೋಡೆಚಿತ್ರಗಳನ್ನೂ ಸಂರಕ್ಷಿತ ಪ್ರದೇಶ ಎಂದು ಘೋಷಿಸಲು ಹೊರಟರು. ಓಣಿಯವರು ಸಂತೋಷಪಡಬೇಕಿತ್ತು. ಅವರೇ ವಿರೋಧಿಸಿದರು! ಕಟ್ಟಡ ಹೀಗೇ ಇರಬೇಕು ಅಂದರೆ ರಿಪೇರಿ ಖರ್ಚು ನಮ್ಮ ತಲೆಗೆ, ಕೈಲಾಗದವರು ಮಾರಿ ಹೋಗಬೇಕು, ಕೊನೆಗೆ ಕಟ್ಟಡ ಉಳಿಯುತ್ತವೆ, ನಾವು ಉಳಿಯುವುದಿಲ್ಲ ಎಂದರು. 2020ರಲ್ಲಿ ಆ ಪ್ರಸ್ತಾಪ ಬಿದ್ದುಹೋಯಿತು. ಅವರು ಮಾಡಿದ್ದು ನನಗೆ ಸರಿ ಅನಿಸುತ್ತದೆ. ಫಲಕ ಮಾತ್ರ ಉಳಿದ ಭಾಷೆಯ ಗತಿ ಏನೆಂದು ಸರ್ಮ್ಯಾಕ್ ರಸ್ತೆ ಅವರಿಗೆ ದಿನಾ ತೋರಿಸುತ್ತಿದೆ.

ಹಾಗಾದರೆ ಲೆಕ್ಕ ಹೇಗೆ ಇಡಬೇಕು? ಅಮೆರಿಕಾದಲ್ಲಿ ಜನಗಣತಿಯ ಜೊತೆಗೆ 2005ರಿಂದ ವರ್ಷ ವರ್ಷ ಮಾದರಿ ಸಮೀಕ್ಷೆ ನಡೆಯುತ್ತದೆ. ಆದಾಯ ಕೇಳುತ್ತಾರೆ, ಬಾಡಿಗೆ ಕೇಳುತ್ತಾರೆ, ಹೋದ ವರ್ಷ ಎಲ್ಲಿದ್ದಿರಿ ಅಂತಲೂ ಕೇಳುತ್ತಾರೆ. ನಮ್ಮಲ್ಲಿ 2011ರ ಗಣತಿಗೆ ಮನೆ ಮನೆ ತಿರುಗಿದ ಗುರುಗಳಿಗೆ ನೆನಪಿರಬಹುದು, ಮಾತೃಭಾಷೆಯ ಅಂಕಣ ಇತ್ತು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂಬುದೂ ಇತ್ತು, ಆದಾಯದ್ದು ಇರಲಿಲ್ಲ. ಎರಡೂ ದೇಶದ ಗಣತಿಯಲ್ಲಿ ಒಂದು ವಿಷಯ ಸಮಾನ. ಪ್ರಶ್ನೆ ಕೇಳುವುದು ಇರುವವರನ್ನು. ಬಂದವರನ್ನು. ಹೋದವರು ಇನ್ನೆಲ್ಲೋ ಯಾವುದೋ ಓಣಿಯ ಹಾಳೆಯಲ್ಲಿ "ಬಂದವರು" ಆಗಿ ಬರೆಯಲ್ಪಡುತ್ತಾರೆ, ಬಿಟ್ಟ ಓಣಿಯ ಹಾಳೆಯಲ್ಲಿ ಅವರ ಸುದ್ದಿ ಇರುವುದಿಲ್ಲ. ಹಾಗಾಗಿಯೇ ಉಳಿದವರ ಮಧ್ಯಾಂಕ ಅಷ್ಟು ಚಂದ ಕಾಣುತ್ತದೆ.

ಹೋದವರ ಹೆಸರು ಹಿಡಿದು ಬರೆದಿಡುವ ಪುಸ್ತಕ ಒಂದೇ ಒಂದು ನನಗೆ ಗೊತ್ತು. ಅದು ನಮ್ಮ ಶಾಲೆಯ ಕಪಾಟಿನಲ್ಲಿದೆ. ಜನರಲ್ ರಜಿಸ್ಟರ್. ಮಗುವಿನ ಹೆಸರು, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ, ಕೊನೆಯಲ್ಲಿ "ಶಾಲೆ ಬಿಟ್ಟ ಕಾರಣ" ಎಂಬ ಅಂಕಣ. ಕಬ್ಬು ಕಡಿಯಲು ಹೋದ ಮನೆ ಮರಳಿ ಬರಲಿಲ್ಲವೋ, ಅಪ್ಪ ಪುಣೆಗೆ ಕೆಲಸಕ್ಕೆ ಹೋದನೋ, ಇಂಗ್ಲಿಷ್ ಮಾಧ್ಯಮದ ಬಸ್ಸು ಬಾಗಿಲಿಗೆ ಬಂತೋ, ಇದನ್ನು ಅಲ್ಲಿ ಬರೆಯಲು ಜಾಗವಿದೆ. ಪಟ ಕಡಿಮೆ ಆಯಿತೆಂದು ಮೇಲಿನವರು ಕೇಳಿದಾಗ ಕೊಡಬಹುದಾದ ಉತ್ತರ ಈ ಅಂಕಣ. ಮೂರರಲ್ಲಿ ಯಾವ ಕಾರಣವೆಂಬುದರ ಮೇಲೆ ಮಾಡಬೇಕಾದ ಕೆಲಸ ಬೇರೆ ಬೇರೆ. ಕಬ್ಬಿನ ಮನೆಯ ಮಗುವಿಗೆ ಆರು ತಿಂಗಳ ಊಟ ವಸತಿ ಸಾಕು, ಪುಣೆಗೆ ಹೋದ ಮಗುವನ್ನು ತರಲಾಗದು, ಬಸ್ಸು ಹತ್ತಿದ ಮಗುವಿನ ಪಾಲಕರ ಜೊತೆ ಕೂತು ಮಾತಾಡಬೇಕು. ಶಿಕಾಗೋದ ಆ 50 ಶಾಲೆಗಳ ಸೂತ್ರದಲ್ಲಿ ಇರದಿದ್ದ ಮನೆ ಇದೇ.

ಬರುವ ಜೂನಿನಲ್ಲಿ ಶಾಲೆ ತೆರೆದಾಗ ನಿಮ್ಮ ರಜಿಸ್ಟರಿನ ಕಳೆದ ಹತ್ತು ವರ್ಷದ ಆ ಅಂಕಣವನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿ. ಎಷ್ಟು ಸಾಲುಗಳಲ್ಲಿ "ಪಾಲಕರ ವಿನಂತಿ ಮೇರೆಗೆ" ಎಂದಷ್ಟೇ ಇದೆ, ಎಣಿಸಿ.